ಬಿ.ಕಾಂ. ಆಗಿದೆ, ಫೈನಾನ್ಸ್ ಮಾಸ್ಟರ್ಸ್‌ಗೆ ಅರ್ಜಿ ಹಾಕಬೇಕು: ಜಿಮ್ಯಾಟ್ ಮತ್ತೆ ಬರೆಯಲಾ, ಸಿಎಫ್‌ಎ ಮಾಡಲಾ?

ಎರಡೂ ಬೇಡ. ಗಣಿತ ಕಲಿಯಿರಿ.

ಬಿಸಿನೆಸ್, ಫೈನಾನ್ಸ್ ಮಾಸ್ಟರ್ಸ್‌ನ ಪ್ರವೇಶ ಪರೀಕ್ಷೆ ಜಿಮ್ಯಾಟ್‌ನಲ್ಲಿ 655 ಬಂದಿದೆ, ಅದನ್ನು 705ಕ್ಕೆ ಏರಿಸಲಾ ಇಲ್ಲ ಹೂಡಿಕೆ ಕ್ಷೇತ್ರದವರು ಬರೆಯುವ ಸಿಎಫ್‌ಎ ಪರೀಕ್ಷೆಯ ಮೊದಲ ಲೆವೆಲ್ ಬರೆಯಲಾ ಅಂತ ಕೇಳಿದ್ದೀರಿ. ತುಮಕೂರಿನ ರೂಮಿನಲ್ಲಿ ಕೂತು ನಾನೂ ಇದೇ ಲೆಕ್ಕ ಹಾಕಿದ್ದೆ.

ನಾನು ತಿಪಟೂರಿನವಳು. ಪಿಯುಸಿಯಲ್ಲಿ ಎಚ್‌ಇಬಿಎ ತಗೊಂಡೆ, ಅಂದರೆ ಹಿಸ್ಟರಿ, ಎಕನಾಮಿಕ್ಸ್, ಬಿಸಿನೆಸ್ ಸ್ಟಡೀಸ್, ಅಕೌಂಟೆನ್ಸಿ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತದ ಅಂಕ ಚೆನ್ನಾಗಿಯೇ ಇತ್ತು. ಆದರೆ ಕಾಮರ್ಸ್‌ಗೆ ಬಂದಮೇಲೆ ಬೇಸಿಕ್ ಮ್ಯಾಥ್ಸ್ ಯಾಕೆ ಮೈಮೇಲೆ ಎಳ್ಕೋತೀಯಾ, ಹಿಸ್ಟರಿ ಇದ್ದರೆ ಪರ್ಸೆಂಟೇಜ್ ಬರುತ್ತೆ ಅಂತ ಮನೆಯಲ್ಲೂ ಕಾಲೇಜಿನಲ್ಲೂ ಒಂದೇ ಮಾತು. ಬಿ.ಕಾಂ.ನಲ್ಲಿ ಸಿಕ್ಕಿದ್ದು ಒಂದೇ ಪೇಪರ್: ಬಡ್ಡಿ, ಅನುಪಾತ, ಪುಟ್ಟ ಪುಟ್ಟ ಮ್ಯಾಟ್ರಿಕ್ಸ್, ಮೀನ್, ಮೀಡಿಯನ್. ಅಲ್ಲಿಗೆ ಗಣಿತದ ಋಣ ತೀರಿತು ಅಂದುಕೊಂಡೆ.

ಆಮೇಲೆ ಜಿಮ್ಯಾಟ್‌ಗೆ ಬಿದ್ದೆ. ಕೆಲಸ ಬಿಟ್ಟು, ಮನೆಯವರ ದುಡ್ಡು ಹಾಕಿಸಿ, ಬೆಂಗಳೂರಿಗೆ ಬೆಳಗಿನ ರೈಲಿನಲ್ಲಿ ಓಡಾಡಿ ಕೋಚಿಂಗ್ ಮಾಡಿದೆ. ಒಳ್ಳೆ ಸ್ಕೋರೂ ಬಂತು. ಆ ಸ್ಕೋರ್ ನೋಡಿದರೆ ನನಗೆ ಲೆಕ್ಕ ಬರುತ್ತೆ ಅಂತ ಯಾರಿಗಾದರೂ ಗೊತ್ತಾಗುತ್ತೆ, ಮಾರ್ಕ್ಸ್ ಕಾರ್ಡ್‌ನಲ್ಲಿ ಇಲ್ಲದ್ದನ್ನು ಅದೇ ತುಂಬಿಕೊಡುತ್ತೆ ಅಂತ ನಂಬಿದ್ದೆ. ನನಗೆ ಒಂದು ಪೂರ್ತಿ ವರ್ಷ ಹೋಗಿದ್ದು ಈ ಒಂದು ನಂಬಿಕೆಯಿಂದ. ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಈಗಿನ ಜಿಮ್ಯಾಟ್‌ನ ಕ್ವಾಂಟ್, ಅಂದರೆ ಗಣಿತದ ವಿಭಾಗದಲ್ಲಿ 45 ನಿಮಿಷ, 21 ಪ್ರಶ್ನೆ. ಇರುವುದು ಅಂಕಗಣಿತ ಮತ್ತು ಬೀಜಗಣಿತ. ಜಾಮಿಟ್ರಿಯನ್ನೂ ತೆಗೆದಿದ್ದಾರೆ. ಕ್ಯಾಲ್ಕುಲಸ್ ಮೊದಲಿಂದಲೂ ಇರಲಿಲ್ಲ. ಅಂದರೆ ಅದು ಅಳೆಯುವುದು ಹತ್ತನೇ ಕ್ಲಾಸಿನ ಗಣಿತದಲ್ಲಿ ನಿಮ್ಮ ವೇಗ ಮತ್ತು ತರ್ಕವನ್ನು. ಫೈನಾನ್ಸ್ ಮಾಸ್ಟರ್ಸ್‌ನ ಮೊದಲ ಟರ್ಮ್‌ನಲ್ಲೇ ಎದುರಾಗುವುದು ಅರ್ಥಶಾಸ್ತ್ರಜ್ಞ ಮಾರ್ಕೊವಿಟ್ಜ್ 1952ರಲ್ಲಿ ಕೊಟ್ಟ ಪೋರ್ಟ್‌ಫೋಲಿಯೊ ಸಿದ್ಧಾಂತ, ಅಂದರೆ ದುಡ್ಡನ್ನು ಯಾವ ಷೇರಿಗೆ ಎಷ್ಟು ಹಂಚಬೇಕು ಅನ್ನುವ ಲೆಕ್ಕ. ಎರಡು ಷೇರು ಇದ್ದರೆ ಕೈಯಲ್ಲೇ ಲೆಕ್ಕ ಮಾಡಬಹುದು. ನೂರು ಷೇರು ಇದ್ದರೆ ಯಾವುದು ಯಾವುದರ ಜೊತೆ ಏರುತ್ತೆ, ಇಳಿಯುತ್ತೆ ಅನ್ನುವ 4950 ಜೋಡಿಗಳನ್ನು ನೋಡಬೇಕು. ಮ್ಯಾಟ್ರಿಕ್ಸ್ ಬರದೆ ಅಲ್ಲಿ ಒಂದು ಹೆಜ್ಜೆ ಇಡಲಾಗದು. ಮುಂದೆ ಆಪ್ಷನ್‌ಗೆ, ಅಂದರೆ ಷೇರನ್ನು ಮೊದಲೇ ಗೊತ್ತುಮಾಡಿದ ಬೆಲೆಗೆ ಮುಂದೆ ಕೊಳ್ಳುವ ಅಥವಾ ಮಾರುವ ಹಕ್ಕಿಗೆ, ಬೆಲೆ ಕಟ್ಟುವ 1973ರ ಬ್ಲ್ಯಾಕ್-ಶೋಲ್ಸ್ ಸೂತ್ರಕ್ಕೆ ಬಂದರೆ ಕ್ಯಾಲ್ಕುಲಸ್‌ನ ಪಾರ್ಷಿಯಲ್ ಡೆರಿವೇಟಿವ್, ಪ್ರಾಬಬಿಲಿಟಿ ಎಲ್ಲ ಬೇಕು. ಇದನ್ನು ಕಲಿಸುವವರು ನಿಮ್ಮ 655 ಅಥವಾ 705 ನೋಡಿ ಧೈರ್ಯ ತಗೊಳ್ಳುವುದು ಹೇಗೆ?

ನನಗೆ ಇದು ತಿಳಿದಿದ್ದು ಅರ್ಜಿ ತುಂಬುವಾಗ. ಒಂದು ವಿಶ್ವವಿದ್ಯಾಲಯದ ಫಾರಂನಲ್ಲಿ ಒಂದು ಪಟ್ಟಿ: ಓದಿದ ಗಣಿತದ ಕೋರ್ಸ್, ಪಠ್ಯಪುಸ್ತಕ, ಮುಗಿಸಿದ ಅಧ್ಯಾಯಗಳು, ಬಂದ ಅಂಕ. ಕ್ಯಾಲ್ಕುಲಸ್‌ಗೆ ಒಂದು ಸಾಲು, ಮ್ಯಾಟ್ರಿಕ್ಸ್ ಬರುವ ಲೀನಿಯರ್ ಆಲ್ಜೀಬ್ರಾಗೆ ಒಂದು, ಪ್ರಾಬಬಿಲಿಟಿಗೆ ಒಂದು. ನನ್ನ ಬಿಸಿನೆಸ್ ಮ್ಯಾಥ್ಸ್ ಯಾವ ಸಾಲಿಗೂ ಕೂರಲಿಲ್ಲ. ಕೊನೆಗೆ ಕಾಸ್ಟ್ ಅಕೌಂಟಿಂಗ್, ಫೈನಾನ್ಷಿಯಲ್ ಮ್ಯಾನೇಜ್‌ಮೆಂಟ್ ಅಂತ ತುಂಬಿ ಕಳಿಸಿದೆ. ಆ ಸಲ ಹಾಕಿದ ಕಡೆಯೆಲ್ಲ ಇಲ್ಲ ಅಂತಲೇ ಬಂತು.

ಸಿಎಫ್‌ಎ ವಿಷಯಕ್ಕೂ ಇದೇ ಉತ್ತರ. ಒಳ್ಳೆ ಪರೀಕ್ಷೆ, ಕೆಲಸಕ್ಕೆ ಬರುತ್ತೆ. ಆದರೆ ಅಲ್ಲೂ ಕ್ಯಾಲ್ಕುಲಸ್ ಇಲ್ಲ, ಫೀಸು ಮಾತ್ರ ಜಾಸ್ತಿ. ಮಾಸ್ಟರ್ಸ್ ಓದುತ್ತಾ ಬರೆಯಿರಿ.

ನಾನು ಆಮೇಲೆ ಮಾಡಿದ್ದು ಇಷ್ಟು. ಊರಿನ ಡಿಗ್ರಿ ಕಾಲೇಜಿನ ಗಣಿತದ ಮೇಷ್ಟ್ರೊಬ್ಬರ ಮನೆಗೆ ಸಂಜೆ ಹೋಗಿ, ಪಿಯುಸಿ ಸೈನ್ಸ್ ಮಕ್ಕಳ ಜೊತೆ ಕೂತು ಕ್ಯಾಲ್ಕುಲಸ್‌ನ ಡಿಫರೆನ್ಸಿಯೇಷನ್‌ನಿಂದ ಶುರು ಮಾಡಿದೆ. ಜೊತೆಗೆ ಎನ್‌ಪಿಟಿಇಎಲ್ ಅನ್ನುವ ಆನ್‌ಲೈನ್ ವೇದಿಕೆಯ ಕೋರ್ಸ್. ಐಐಟಿ, ಐಐಎಸ್‌ಸಿಯವರ ಪಾಠ, ನೋಡಲು ದುಡ್ಡಿಲ್ಲ. ಪರೀಕ್ಷೆ ಸೆಂಟರ್‌ಗೆ ಹೋಗಿ ಬರೆಯಬೇಕು, 75 ಅಂಕ ಅದಕ್ಕೆ, 25 ಅಸೈನ್‌ಮೆಂಟ್‌ಗೆ. ಆ ಸರ್ಟಿಫಿಕೇಟಿಗೆ ತೂಕ ಬರುವುದು ಇದರಿಂದಲೇ. ಇನ್ನೂ ಗಟ್ಟಿ ದಾಖಲೆ ಬೇಕು ಅನ್ನುವವರಿಗೆ ಐಐಟಿ ಮದ್ರಾಸಿನ ಆನ್‌ಲೈನ್ ಬಿಎಸ್ ಡೇಟಾ ಸೈನ್ಸ್ ಇದೆ. ಅದರ ಫೌಂಡೇಶನ್ ಹಂತದಲ್ಲಿ ಗಣಿತದ ಎರಡು, ಸ್ಟಾಟಿಸ್ಟಿಕ್ಸ್‌ನ ಎರಡು ಕೋರ್ಸ್‌ಗಳಿಗೆ ಗ್ರೇಡ್ ಸಿಗುತ್ತೆ. ಪಿಯುಸಿಯಲ್ಲಿ ಮ್ಯಾಥ್ಸ್ ಇಲ್ಲದಿದ್ದರೂ ಸೇರಬಹುದು.

ಆ ಮೇಷ್ಟ್ರೇ ನನಗೆ ಶಿಫಾರಸು ಪತ್ರ ಬರೆದುಕೊಟ್ಟರು. ಮೊದಲ ಸಲ ಪ್ರಿನ್ಸಿಪಾಲರ ಲೆಟರ್‌ಹೆಡ್‌ನಲ್ಲಿ ಶಿಸ್ತಿನ ವಿದ್ಯಾರ್ಥಿನಿ ಅಂತ ನಾಲ್ಕು ಸಾಲು ಹಾಕಿಸಿದ್ದೆ. ಈ ಪತ್ರದಲ್ಲಿ ನಾನು ಯಾವ ಲೆಕ್ಕದಲ್ಲಿ ಸಿಕ್ಕಿಹಾಕಿಕೊಂಡೆ, ಹೇಗೆ ಬಿಡಿಸಿಕೊಂಡೆ ಅಂತ ಇತ್ತು. ದೊಡ್ಡವರ ಹೆಸರು ಹುಡುಕಬೇಡಿ, ನಿಮ್ಮ ನೋಟ್‌ಬುಕ್ ನೋಡಿದವರನ್ನು ಕೇಳಿ. ಜಿಮ್ಯಾಟ್ ಸ್ಕೋರ್ ಮುಟ್ಟಲಿಲ್ಲ, ಅದು ಐದು ವರ್ಷ ನಡೆಯುತ್ತೆ, ಹಳೆಯದನ್ನೇ ಕಳಿಸಿದೆ. ಬ್ರಿಟನ್ನಿನಲ್ಲಿ ಸೀಟು ಸಿಕ್ಕಿತು.

ಅಮೆರಿಕವೂ ಪಟ್ಟಿಯಲ್ಲಿದೆ ಅಂದಿದ್ದೀರಿ. ನಮ್ಮದು ಮೂರು ವರ್ಷದ ಬಿ.ಕಾಂ. ಅಲ್ಲಿ ಎಷ್ಟೋ ಕಡೆ ಹದಿನಾರು ವರ್ಷದ ಓದು ಕೇಳುತ್ತಾರೆ, ಬ್ರಿಟನ್ನಿನಲ್ಲಿ ಆ ತೊಡಕಿಲ್ಲ. ಅರ್ಜಿಯ ಫೀಸು ಕಟ್ಟುವ ಮೊದಲು ಆಯಾ ವಿಶ್ವವಿದ್ಯಾಲಯಕ್ಕೆ ಮೇಲ್ ಹಾಕಿ ಕೇಳಿ, ಕಟ್ಟಿದ ಡಾಲರ್ ವಾಪಸ್ ಬರಲ್ಲ.

ಇನ್ನೊಂದು ಕೆಲಸ ಈ ವಾರವೇ ಮಾಡಿ. ನೀವು ಓದಿದ ವರ್ಷದ ಸಿಲಬಸ್ ಪ್ರತಿ ತೆಗೆಸಿ ಕಾಲೇಜಿನ ಸೀಲ್ ಹಾಕಿಸಿಕೊಳ್ಳಿ. ಸಿಲಬಸ್ ಬದಲಾದ ಮೇಲೆ ಹಳೆಯದನ್ನು ಹುಡುಕಿಕೊಡುವವರು ಸಿಗುವುದಿಲ್ಲ. ಆ ಪ್ರತಿಯಲ್ಲಿ ಗಣಿತದ ಅಧ್ಯಾಯಗಳು ಯಾವ್ಯಾವು ಇವೆ ಅಂತ ಕೆಳಗೆ ಬರೆಯಿರಿ. ಎಲ್ಲಿಂದ ಶುರು ಮಾಡಬೇಕು ಅಂತ ನೋಡಿ ಹೇಳುತ್ತೇನೆ.