ಆಂಬುಲೆನ್ಸಿನಲ್ಲಿ ಮಾರ್ಫಿನ್ ಏಕಿಲ್ಲ?

ಪ್ರಶ್ನೆ: ಬೈಕ್ ಅಪಘಾತದಲ್ಲಿ ತಮ್ಮನ ತೊಡೆಮೂಳೆ ಮುರಿಯಿತು. ದಾರಿಯುದ್ದಕ್ಕೂ ನರಳಿದರೂ ಆಂಬುಲೆನ್ಸಿನವರು ಪ್ರಬಲ ನೋವುನಿವಾರಕವಾದ ಮಾರ್ಫಿನ್ ಕೊಡಲಿಲ್ಲ. ಅಮೆರಿಕದಲ್ಲಿ ಪ್ಯಾರಾಮೆಡಿಕ್‌ಗಳೇ ಕೊಡುತ್ತಾರಂತೆ. ನಮ್ಮಲ್ಲಿ ಅದಕ್ಕೆ ಕಾನೂನಿನ ನಿಷೇಧವಿದೆಯೇ?

ಉತ್ತರ: ಈ ಪ್ರಶ್ನೆ ನನಗೆ ಪದೇಪದೇ ಬರುತ್ತದೆ, ಮತ್ತು ಪ್ರತಿ ಸಲವೂ ನಿಷೇಧವೆಂಬ ಅದೇ ತಪ್ಪು ತಿಳಿವಳಿಕೆಯೊಂದಿಗೆ ಬರುತ್ತದೆ. 1985ರ ಎನ್‌ಡಿಪಿಎಸ್ ಕಾಯ್ದೆ, ಅಂದರೆ ಮಾದಕ ವಸ್ತು ಮತ್ತು ಮನಸ್ಸಿನ ಮೇಲೆ ಪರಿಣಾಮ ಬೀರುವ ಔಷಧಗಳ ಕಾಯ್ದೆ, ವೈದ್ಯಕೀಯ ಬಳಕೆಯನ್ನು ನಿಷೇಧಿಸಿಲ್ಲ, ನಿಯಮಕ್ಕೆ ಒಳಪಡಿಸಿದೆ. ಹಿಂದೆ ರಾಜ್ಯಕ್ಕೊಂದು ನಿಯಮವಿದ್ದು, ಹಲವು ಪರವಾನಗಿಗಳಿಗೆ ಅಲೆಯಬೇಕಿದ್ದುದರಿಂದ ಎಷ್ಟೋ ಆಸ್ಪತ್ರೆಗಳು ಮಾರ್ಫಿನ್ನಿನ ಗೊಡವೆಯನ್ನೇ ಬಿಟ್ಟಿದ್ದವು. 2014ರ ತಿದ್ದುಪಡಿ ಮತ್ತು 2015ರ ನಿಯಮಗಳು ಮಾರ್ಫಿನ್, ಫೆಂಟನಿಲ್ ಸೇರಿದಂತೆ ಆರು ಔಷಧಗಳನ್ನು ಅತ್ಯಗತ್ಯ ಮಾದಕ ಔಷಧಗಳೆಂದು ಗುರುತಿಸಿ, ರಾಜ್ಯದ ಔಷಧ ನಿಯಂತ್ರಕರ ಮಾನ್ಯತೆ ಪಡೆದ ವೈದ್ಯಕೀಯ ಸಂಸ್ಥೆಗಳ ದಾರಿಯನ್ನು ಸುಗಮಗೊಳಿಸಿದವು. ಆದರೆ ಅವು ಬರೆಯಲ್ಪಟ್ಟದ್ದು ಗೋಡೆ, ಬೀರು, ಬೀಗ ಮತ್ತು ವೈದ್ಯರಿರುವ ಆಸ್ಪತ್ರೆಯನ್ನು ಮನಸ್ಸಿನಲ್ಲಿಟ್ಟುಕೊಂಡು. ವೈದ್ಯರಿಲ್ಲದೆ ಹೆದ್ದಾರಿಯಲ್ಲಿ ಓಡುವ ವಾಹನವನ್ನಲ್ಲ.

ಅಮೆರಿಕದಲ್ಲಿಯೂ ಇದೇ ತೊಡಕಿತ್ತು. ಅಲ್ಲಿನ 1970ರ ನಿಯಂತ್ರಿತ ಔಷಧಗಳ ಕಾಯ್ದೆಯಲ್ಲಿ ಆಂಬುಲೆನ್ಸ್ ಸೇವೆಗೆ ಪ್ರತ್ಯೇಕ ಸ್ಥಾನವಿರಲಿಲ್ಲ. ವೈದ್ಯರು ಮುಂಚಿತವಾಗಿಯೇ ಬರೆದಿಟ್ಟ ಸ್ಥಾಯಿ ಆದೇಶದಂತೆ ಪ್ಯಾರಾಮೆಡಿಕ್‌ಗಳು ಔಷಧ ಕೊಡುತ್ತಿದ್ದ ಪದ್ಧತಿಗೆ ಸ್ಪಷ್ಟ ಕಾನೂನುಬಲ ದೊರೆತದ್ದು 2017ರ ನವೆಂಬರಿನಲ್ಲಿ ಬಂದ ಹೊಸ ಕಾಯ್ದೆಯಿಂದ. ಸಂಸ್ಥೆಗೆ ರಾಜ್ಯಕ್ಕೊಂದೇ ನೋಂದಣಿ, ವಾಹನದಲ್ಲಿ ಸಂಗ್ರಹಕ್ಕೆ ಅನುಮತಿ, ಪ್ರತಿಯೊಂದು ಡೋಸಿನ ಲೆಕ್ಕ ಇವೆಲ್ಲವೂ ಆ ಹೊಸ ಕಾಯ್ದೆಯಲ್ಲಿವೆ. ನಮಗೂ ಬೇಕಾದುದು ಇದೇ: ಆದೇಶ ಯಾರದು, ಬೀಗದ ಕೈ ಯಾರ ಬಳಿ, ಲೆಕ್ಕಕ್ಕೆ ಹೊಣೆ ಯಾರು ಎಂಬುದನ್ನು ಬರಹದಲ್ಲಿ ನಿಗದಿಪಡಿಸಬೇಕು.

ಲೆಕ್ಕವೆಂದರೆ ಏನೆಂದು ತಿಳಿಯಲು ತುರ್ತು ಘಟಕದಲ್ಲಿ ಬೆಳಿಗ್ಗೆ ಪಾಳಿ ಬದಲಾಗುವುದನ್ನು ನೋಡಬೇಕು. ಹೋಗುವವರು ಮತ್ತು ಬರುವವರು ಒಟ್ಟಿಗೆ ನಿಂತು ಬೀರು ತೆರೆದು ಎಣಿಸುತ್ತಾರೆ. ಹತ್ತು ಮಿಲಿಗ್ರಾಂ ಮಾರ್ಫಿನ್ ಆಂಪೂಲಿನಲ್ಲಿ (ಔಷಧದ ಪುಟ್ಟ ಗಾಜಿನ ಸೀಸೆಯಲ್ಲಿ) ರೋಗಿಗೆ ನಾಲ್ಕು ಕೊಟ್ಟಿದ್ದರೆ, ಉಳಿದ ಆರನ್ನು ಸಾಕ್ಷಿಯ ಮುಂದೆ ಚೆಲ್ಲಿ ಇಬ್ಬರೂ ಸಹಿ ಹಾಕಿರಬೇಕು. ಒಮ್ಮೆ ಒಂದು ಆಂಪೂಲ್ ತಾಳೆಯಾಗದೆ ನಾವು ಮಧ್ಯಾಹ್ನದವರೆಗೆ ಹುಡುಕಿದೆವು. ಕೊನೆಗೆ ಅದು ತೊಳೆಯಲು ಹೋಗಿದ್ದ ಏಪ್ರನ್ನಿನ ಜೇಬಿನಲ್ಲಿ ಸಿಕ್ಕಿತು. ಈ ಶಿಸ್ತಿಲ್ಲದ ವಾಹನಕ್ಕೆ ಮಾರ್ಫಿನ್ ಕೊಡಿ ಎಂದು ನಾನಂತೂ ಶಿಫಾರಸು ಮಾಡಲಾರೆ. ಹಾಗೆಂದು ನೋವಿನಲ್ಲಿರುವವರನ್ನು ಹಾಗೆಯೇ ಬಿಡುವುದನ್ನೂ ಒಪ್ಪಲಾರೆ. ಮುರಿದ ಕಾಲಿಗೆ ಎತ್ತುವ ಮೊದಲೇ ಸರಿಯಾಗಿ ದಬ್ಬೆ ಕಟ್ಟಿದರೆ ನೋವು ಗಣನೀಯವಾಗಿ ತಗ್ಗುತ್ತದೆ, ಮತ್ತು ರಕ್ತನಾಳದ ಮೂಲಕ ಕೊಡುವ ಪ್ಯಾರಾಸಿಟಮಾಲ್‌ಗೆ ಎನ್‌ಡಿಪಿಎಸ್‌ನ ಕಟ್ಟುಪಾಡಿಲ್ಲ. ಇವೆರಡನ್ನೂ ಕೇಳಿ ಪಡೆಯಿರಿ. ತೀವ್ರ ಗಾಯಕ್ಕೆ ಸರಿಯಾದ ಪ್ರಮಾಣದ ಒಂದು ಡೋಸ್ ಮಾರ್ಫಿನ್‌ನಿಂದ ಚಟ ಹತ್ತುತ್ತದೆ ಎಂದು ಹೆದರಿಸುವವರ ಮಾತನ್ನು ದಯವಿಟ್ಟು ನನ್ನ ಮುಂದೆ ತರಬೇಡಿ.

ಪ್ರಶ್ನೆ: ಆಂಬುಲೆನ್ಸ್ ಬರುವ ಮೊದಲು ಊರಿನ 'ಡಾಕ್ಟರ್' ನೋವಿಗೆಂದು ಪೆಂಟಜೋಸಿನ್ ಸೂಜಿ ಹಾಕುತ್ತಾರೆ. ಸರಿಯೇ?

ಉತ್ತರ: ಅಪರಾಧ. ಪೆಂಟಜೋಸಿನ್ ಎನ್‌ಡಿಪಿಎಸ್ ವ್ಯಾಪ್ತಿಯ ಔಷಧ. ಪದವಿಯಿಲ್ಲದವರ ಚೀಲದಲ್ಲಿ ಅದು ಇರಲೇಕೂಡದು. ತಲೆಗೆ ಪೆಟ್ಟಾದವರಿಗೆ ಅದರಿಂದ ಉಸಿರೇ ಕುಗ್ಗಬಹುದು, ಎಚ್ಚರದ ಮಟ್ಟವೂ ನಮಗೆ ತಿಳಿಯದಂತಾಗುತ್ತದೆ. ಸೂಜಿ ಹಾಕಿಸಿಬಿಟ್ಟಿದ್ದರೆ ಅದನ್ನು ಮುಚ್ಚಿಡದೆ, ಖಾಲಿ ಆಂಪೂಲನ್ನು ಆಸ್ಪತ್ರೆಗೆ ತನ್ನಿ.

ಪ್ರಶ್ನೆ: ತುರ್ತಿನಲ್ಲಿ ಕೊಡುವ ಅಡ್ರಿನಲಿನ್, ಮಾರ್ಫಿನ್ ಅತಿಯಾದಾಗ ಕೊಡುವ ನಲಾಕ್ಸೋನ್‌ಗಳಿಗೂ ಇದೇ ಕಾಯ್ದೆಯೇ?

ಉತ್ತರ: ಅಲ್ಲ.

ಪ್ರಶ್ನೆ: ಮಗಳ ಫಿಟ್ಸ್‌ಗೆ ವೈದ್ಯರು ಬರೆದ ಮಿಡಜೋಲಾಮ್ ಮೂಗಿನ ಸ್ಪ್ರೇಯನ್ನು ಪ್ರಯಾಣದಲ್ಲಿ ಒಯ್ದರೆ ಪೊಲೀಸರು ಹಿಡಿಯುತ್ತಾರೆಯೇ?

ಉತ್ತರ: ಸ್ವಂತ ಚಿಕಿತ್ಸೆಗೆ ವೈದ್ಯರು ಬರೆದ ಪ್ರಮಾಣವನ್ನು ಇಟ್ಟುಕೊಳ್ಳಲು ನಿಯಮವೇ ಅವಕಾಶ ಕೊಟ್ಟಿದೆ, ಚೀಟಿ ಜೊತೆಯಲ್ಲಿರಲಿ. ಮಗುವಿನ ತೂಕಕ್ಕೆ ಎಷ್ಟು ಸಿಂಪಡಣೆ ಎಂಬುದನ್ನು ವೈದ್ಯರಿಂದಲೇ ಡಬ್ಬಿಯ ಮೇಲೆ ಬರೆಸಿಕೊಳ್ಳಿ, ಮತ್ತು ಐದು ನಿಮಿಷವಾದರೂ ಫಿಟ್ಸ್ ನಿಲ್ಲದಿದ್ದರೆ ಎರಡನೆಯ ಡೋಸಿನ ಯೋಚನೆ ಮಾಡುತ್ತ ಕೂರದೆ 108ಕ್ಕೆ ಕರೆ ಮಾಡಿ.