ಬ್ಯಾಕ್ಟೀರಿಯಾದ ಜಾತಕ ನೋಡಿ ತಪ್ಪು ಯಾರದ್ದು ಅಂತ ಹೇಳ್ಬೋದಾ?

ಪ್ರಶ್ನೆ: ಮೇಡಂ, ನಂಗೆ ಲೈಂಗಿಕ ಸಂಪರ್ಕದಿಂದ ಹರಡೋ ಗೊನೊರಿಯಾ ಪಾಸಿಟಿವ್ ಬಂದಿದೆ. ಉರಿ, ನೋವು ಏನೂ ಇರ್ಲಿಲ್ಲ, ನಮ್ಮೆಜಮಾನ್ರಿಗೆ ಶುರುವಾದ್ಮೇಲೆ ನಂಗೂ ಟೆಸ್ಟ್ ಮಾಡಿಸಿದ್ದು. ಈಗ ನಿನ್ನಿಂದಾನೇ ಬಂದಿದ್ದು ಅಂತ ಅವ್ರು, ಅಲ್ಲ ನಿಮ್ಮಿಂದ ಅಂತ ನಾನು, ದಿನಾ ಜಗಳ. ಜೀನೋಮ್ ಸೀಕ್ವೆನ್ಸಿಂಗ್ ಮಾಡ್ಸಿದ್ರೆ ಯಾರಿಂದ ಯಾರಿಗೆ ಅಂತ ಗೊತ್ತಾಗುತ್ತಂತೆ, ನಿಜಾನಾ? (ಹೆಸರು ಬೇಡ)

ಉತ್ತರ: ಇಲ್ಲಮ್ಮ, ಆಗಲ್ಲ. ಗೊನೊರಿಯಾ ಬ್ಯಾಕ್ಟೀರಿಯಾದ ಜೀನೋಮ್ ಅಂದ್ರೆ ಎ, ಸಿ, ಜಿ, ಟಿ ಅನ್ನೋ ನಾಲ್ಕೇ ಅಕ್ಷರದಲ್ಲಿ ಬರೆದಿರೋ ಸುಮಾರು 22 ಲಕ್ಷ ಅಕ್ಷರದ ಸಾಲು, ಅದನ್ನ ಓದೋದೇ ಸೀಕ್ವೆನ್ಸಿಂಗ್. ಆ ಸಾಲು ಕಾಪಿ ಆಗ್ತಾ ಆಗ್ತಾ ಅಲ್ಲೊಂದು ಇಲ್ಲೊಂದು ಅಕ್ಷರ ತಪ್ಪುತ್ತೆ. ಇಬ್ಬರ ಸ್ಯಾಂಪಲ್ ಪಕ್ಕಪಕ್ಕ ಇಟ್ಟಾಗ ಅಂಥ ತಪ್ಪು ನೂರಾರು ಬೇರೆಬೇರೆ ಇದ್ರೆ ಈಚೆಗೆ ಇವರಿಂದ ಅವ್ರಿಗೆ ಬಂದಿದ್ದಲ್ಲ ಅಂತ ಧೈರ್ಯವಾಗಿ ಹೇಳ್ಬೋದು, ಎರಡೋ ಮೂರೋ ಇದ್ರೆ ಹತ್ತಿರದ ನಂಟು ಅಷ್ಟೇ. ನಿಮ್ಮಿಂದ ಅವ್ರಿಗೋ, ಅವರಿಂದ ನಿಮಗೋ, ಸ್ಯಾಂಪಲ್ಲೇ ಕೊಡದ ಮೂರನೆಯವರೊಬ್ರು ಇದ್ರೋ ಅನ್ನೋದು ಆ ಸಾಲಲ್ಲಿ ಬರೆದಿರಲ್ಲ. ಸಾಲದ್ದಕ್ಕೆ ಪಕ್ಕದ ಬ್ಯಾಕ್ಟೀರಿಯಾದಿಂದ ಡಿಎನ್‌ಎ ತುಂಡು ಎತ್ಕೊಳ್ಳೋ ಚಾಳಿ ಬೇರೆ ಇದೆ ಇದಕ್ಕೆ, ಒಂದೇ ಏಟಿಗೆ ಹತ್ತಾರು ಅಕ್ಷರ ಬದಲಾಗಿರುತ್ತೆ, ಅಂಥ ಜಾಗಗಳನ್ನ ಪಕ್ಕಕ್ಕಿಟ್ಟೇ ಎಣಿಸಬೇಕು. ಮೊದಲು ಯಾರಿಗೆ ಉರಿ ಬಂತು ಅನ್ನೋದೂ ಸಾಕ್ಷಿ ಅಲ್ಲ, ಹೆಂಗಸರಲ್ಲಿ ಎಷ್ಟೋ ಜನಕ್ಕೆ ಲಕ್ಷಣವೇ ಇರಲ್ಲ.

ಮತ್ತೆ ಯಾಕೆ ಓದ್ತಾರೆ ಅಂದ್ರೆ, ಮುಖ್ಯವಾಗಿ ಔಷಧಿ ವಿಷಯಕ್ಕೆ. ಗೈರ್‌ಎ ಅನ್ನೋ ಜೀನಲ್ಲಿ ಒಂದೇ ಒಂದು ಸಿ ಇದ್ದ ಕಡೆ ಟಿ ಬಂದ್ರೆ ಸಾಕು, ಸಿಪ್ರೋಫ್ಲಾಕ್ಸಾಸಿನ್ ಅನ್ನೋ ಆಂಟಿಬಯಾಟಿಕ್ ಮೇಲೆ ನಂಬಿಕೆ ಇಡಂಗಿಲ್ಲ. ಈಗ ಕೊಡೋ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್‌ಗೂ ಬಗ್ಗದ ಸ್ಟ್ರೈನ್‌ಗಳು (ತಳಿಗಳು) ಬಂದಿವೆ, ಅವು ಪೆನ್‌ಎ ಜೀನಿನ ತುಂಡುಗಳನ್ನ ನಮ್ಮ ಗಂಟಲಲ್ಲಿ ತಮ್ಮ ಪಾಡಿಗೆ ಇರೋ ನೈಸೀರಿಯಾ (ಗೊನೊರಿಯಾ ಬ್ಯಾಕ್ಟೀರಿಯಾದ್ದೇ ಕುಲ) ಸಂಬಂಧಿಗಳಿಂದ ಎತ್ಕೊಂಡಿವೆ, ನೋಡಿ ಆ ಚಾಳಿ ಎಲ್ಲಿಗೆ ಬಂತು. ಅಂಥದ್ದು ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗೋದನ್ನ ಹಿಡಿಯೋಕೆ ಸೀಕ್ವೆನ್ಸಿಂಗ್‌ಗಿಂತ ಒಳ್ಳೇ ದಾರಿ ಇಲ್ಲ.

ಇನ್ನೊಂದು ಉಪಯೋಗಾನೂ ಇದೆ, ಟೆಸ್ಟ್ ಯಾಕೆ ಎಡವಿತು ಅಂತ ಹಿಡಿಯೋಕೆ. 2006ರಲ್ಲಿ ಸ್ವೀಡನ್‌ನಲ್ಲಿ ಕ್ಲಾಮಿಡಿಯಾ ಅನ್ನೋ ಇನ್ನೊಂದು ಲೈಂಗಿಕ ಕಾಯಿಲೆ ಕೇಸ್ ಇದ್ದಕ್ಕಿದ್ದಂಗೆ ಕಮ್ಮಿ ಆದಂಗೆ ಕಂಡ್ವು, ಆಮೇಲೆ ನೋಡಿದ್ರೆ ಆ ಬ್ಯಾಕ್ಟೀರಿಯಾದ ಪ್ಲಾಸ್ಮಿಡ್‌ನಲ್ಲಿ (ಮುಖ್ಯ ಸಾಲಿನಿಂದ ಬೇರೆಯಾಗಿರೋ ಡಿಎನ್‌ಎಯ ಪುಟ್ಟ ಉಂಗುರ) 377 ಅಕ್ಷರದ ತುಂಡೇ ಮಾಯ, ಕೆಲವು ಟೆಸ್ಟ್‌ಗಳು ಹುಡುಕ್ತಿದ್ದಿದ್ದು ಸರಿಯಾಗಿ ಅದೇ ತುಂಡನ್ನ! ಕಾಯಿಲೆ ಇದ್ರೂ ರಿಪೋರ್ಟ್ ನೆಗೆಟಿವ್.

ನೀವಿಬ್ರೂ ಒಟ್ಟಿಗೇ ಟ್ರೀಟ್ಮೆಂಟ್ ತಗೊಳ್ಳಿ, ಮುಗಿದ ಮೇಲೆ ಒಂದು ವಾರ ದೂರ ಇರಿ, ಒಬ್ರೇ ತಗೊಂಡ್ರೆ ಮತ್ತೆ ವಾಪಸ್ ಬರುತ್ತೆ. ಡಾಕ್ಟರ್ ಹೇಳಿದ ದಿನಕ್ಕಿಂತ ಮುಂಚೆ ರಿಟೆಸ್ಟ್ ಮಾಡಿಸ್ಬೇಡಿ, ಸತ್ತ ಬ್ಯಾಕ್ಟೀರಿಯಾದ ಡಿಎನ್‌ಎಗೂ ಪಾಸಿಟಿವ್ ತೋರಿಸಿ ಇನ್ನೊಂದು ಸುತ್ತು ಜಗಳ ಆಗುತ್ತೆ.

ಪ್ರಶ್ನೆ: ಸಿಫಿಲಿಸ್ ಬ್ಯಾಕ್ಟೀರಿಯಾನ ಲ್ಯಾಬಲ್ಲಿ ಬೆಳೆಸೋಕಾಗಲ್ಲ ಅಂತ ಪುಸ್ತಕದಲ್ಲಿದೆ, ಹಂಗಿದ್ರೆ ಅದರ ಜೀನೋಮ್ ಹೆಂಗೆ ಓದಿದ್ರು? (ಬಿಎಸ್ಸಿ ವಿದ್ಯಾರ್ಥಿ)

ಉತ್ತರ: ಮೊಲದ ವೃಷಣದಲ್ಲಿ ಬೆಳೆಸಿ ಕಣಪ್ಪ. 1912ರಲ್ಲಿ ಒಬ್ಬ ರೋಗಿಯ ಬೆನ್ನುಹುರಿ ನೀರಿಂದ ತೆಗೆದ ನಿಕೋಲ್ಸ್ ಅನ್ನೋ ಸ್ಟ್ರೈನನ್ನ ಮೊಲದಿಂದ ಮೊಲಕ್ಕೆ ದಾಟಿಸ್ತಾ ದಶಕಗಟ್ಟಲೆ ಉಳಿಸ್ಕೊಂಡು ಬಂದ್ರು, 1998ರಲ್ಲಿ ಅದರದ್ದೇ ಸುಮಾರು 11.4 ಲಕ್ಷ ಅಕ್ಷರ ಓದಿದ್ದು. ನಿನ್ನ ಪುಸ್ತಕ ಸ್ವಲ್ಪ ಹಳೇದು, 2018ರಲ್ಲಿ ಮೊಲದ ಜೀವಕೋಶಗಳ ಜೊತೆ ಇಟ್ಟು ಡಿಶ್‌ನಲ್ಲೂ ಬೆಳೆಸಿದ್ರು. ಈಗಂತೂ ಹುಣ್ಣಿನ ಸ್ವ್ಯಾಬ್‌ನಿಂದಲೇ ಓದ್ತಾರೆ, ಅದರಲ್ಲಿರೋದು ಬಹುಪಾಲು ರೋಗಿಯದ್ದೇ ಡಿಎನ್‌ಎ, ಹಾಗಾಗಿ ಬ್ಯಾಕ್ಟೀರಿಯಾದ್ದಕ್ಕೆ ಮಾತ್ರ ಅಂಟ್ಕೊಳ್ಳೋ ತುಣುಕುಗಳನ್ನ ಗಾಳ ಹಾಕಿದಂಗೆ ಹಾಕಿ ಎಳ್ಕೋಬೇಕು. ಹಂಗೆ ಓದಿದಾಗ ಎಷ್ಟೋ ಕಡೆ ಅಜಿಥ್ರೋಮೈಸಿನ್ ಅನ್ನೋ ಆಂಟಿಬಯಾಟಿಕ್ ನಾಟದ ಸ್ಟ್ರೈನ್‌ಗಳೇ ಸಿಕ್ವು, ಪೆನ್ಸಿಲಿನ್ ಮಾತ್ರ ಇವತ್ತಿಗೂ ಕೈಕೊಟ್ಟಿಲ್ಲ.