ಎಲ್‌ಕೆಜಿ ಮಗುವಿನ ನೆಗಡಿಗೆ ಟಾನಿಕ್ ಬೇಡ

*ಮಗಳನ್ನು ಎಲ್‌ಕೆಜಿಗೆ ಸೇರಿಸಿದಾಗಿನಿಂದ ತಿಂಗಳಿಗೊಮ್ಮೆ ನೆಗಡಿ. ಅವಳಾದ ಮೇಲೆ ಐದು ತಿಂಗಳ ತಮ್ಮ, ಅತ್ತೆ, ನಾನು. ಅವಳಿಗೆ ರೋಗನಿರೋಧಕ ಶಕ್ತಿ ಕಡಿಮೆಯೇ? ಔಷಧಿ ಅಂಗಡಿಯವರು ಟಾನಿಕ್ ಕೊಟ್ಟಿದ್ದಾರೆ.*
– ಗೃಹಿಣಿ, ನಿಟ್ಟುವಳ್ಳಿ, ದಾವಣಗೆರೆ

ಶಾಲೆ ಶುರುವಾಯಿತೆಂದರೆ ಇದೇ ಪ್ರಶ್ನೆ, ಇದೇ ಟಾನಿಕ್. ಅದನ್ನು ಮೊದಲು ನಿಲ್ಲಿಸಿ. ಈ ವಯಸ್ಸಿನಲ್ಲಿ ವರ್ಷಕ್ಕೆ ಆರೆಂಟು ನೆಗಡಿ ಸಹಜ. ನೆಗಡಿ ತರುವ ರೈನೋವೈರಸ್ ಒಂದರಲ್ಲೇ ನೂರೈವತ್ತಕ್ಕೂ ಹೆಚ್ಚು ಬಗೆಗಳಿವೆ. ಒಂದನ್ನು ಗೆದ್ದ ಮೈಗೆ ಮತ್ತೊಂದು ಹೊಸದೇ.

ಅಮೆರಿಕದ ಯೂಟಾದಲ್ಲಿ 26 ಮನೆಗಳ 108 ಮಂದಿಯ ಮೂಗಿನ ದ್ರವವನ್ನು ವರ್ಷವಿಡೀ ವಾರವಾರವೂ ಪರೀಕ್ಷಿಸಿದ್ದರು. ಮಕ್ಕಳಿಲ್ಲದ ಮನೆಗಳಲ್ಲಿ ವೈರಸ್ ಕಂಡದ್ದು ವರ್ಷಕ್ಕೆ ಮೂರು ನಾಲ್ಕು ವಾರ. ಒಂದು ಮಗುವಿದ್ದಲ್ಲಿ 18 ವಾರ, ಆರು ಮಕ್ಕಳಿದ್ದಲ್ಲಿ 45 ವಾರ! ಐದು ವರ್ಷದೊಳಗಿನವರ ಮೂಗಿನಲ್ಲಂತೂ ಅರ್ಧ ವರ್ಷ ಒಂದಲ್ಲ ಒಂದು ವೈರಸ್ ಇತ್ತು. ಆದರೆ ವೈರಸ್ ಸಿಕ್ಕಾಗಲೂ ಸುಮಾರು ಅರ್ಧದಷ್ಟು ಸಲ ಯಾವ ಲಕ್ಷಣವೂ ಇರಲಿಲ್ಲ. ಹಾಗಾಗಿ ಸೀನುವ ಮಗಳೊಬ್ಬಳನ್ನೇ ದೂರಬೇಡಿ. ಗಟ್ಟಿಮುಟ್ಟಾಗಿ ಓಡಾಡುವ ದೊಡ್ಡವರೂ ಹರಡುತ್ತಿರಬಹುದು.

ನನ್ನ ಚಿಂತೆ ತಮ್ಮನದು. ಅಕ್ಕನಿಗೆ ಬರೀ ನೆಗಡಿ ತರುವ ಆರ್‌ಎಸ್‌ವಿ ವೈರಸ್, ಹಸುಗೂಸಿನ ಶ್ವಾಸಕೋಶಕ್ಕೆ ಇಳಿಯಬಲ್ಲದು. ಮಗಳ ಮೂಗು ಒರೆಸಿದ ಸೆರಗಿನಿಂದಲೇ ಕೂಸಿನ ಬಾಯಿ ಒರೆಸುವ ತಾಯಂದಿರನ್ನು ದಿನವೂ ನೋಡುತ್ತೇನೆ. ದಯವಿಟ್ಟು ಬೇಡ. ಶಾಲೆಯಿಂದ ಬಂದವಳು ಸೋಪಿನಿಂದ ಕೈ ತೊಳೆದ ಮೇಲೆಯೇ ತಮ್ಮನನ್ನು ಮುಟ್ಟಲಿ. ಮನೆ ಮಂಡಕ್ಕಿ ಭಟ್ಟಿಗಳ ಸಮೀಪವಿದ್ದರೆ ಹೊಗೆಯ ಹೊತ್ತಿನಲ್ಲಿ ಕಿಟಕಿ ಮುಚ್ಚಿ.

ಕೂಸು ಮಲಗಿದಾಗ ಅಂಗಿ ಮೇಲೆತ್ತಿ, ಗಡಿಯಾರ ನೋಡುತ್ತ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ಎರಡು ತಿಂಗಳಿಂದ ಒಂದು ವರ್ಷದೊಳಗಿನ ಕೂಸಿಗೆ 50, ಒಂದರಿಂದ ಐದು ವರ್ಷದ ಮಗುವಿಗೆ 40 ಮುಟ್ಟಿದರೆ, ಉಸಿರೆಳೆದಾಗ ಪಕ್ಕೆ ಒಳಕ್ಕೆ ಹೋದರೆ ಅಥವಾ ಹಾಲು ಕುಡಿಯುವುದನ್ನು ಬಿಟ್ಟರೆ ಬೆಳಗಾಗಲೆಂದು ಕಾಯದೆ ಆಸ್ಪತ್ರೆಗೆ ಬನ್ನಿ. ನನಗೆ ಇದರಲ್ಲಿ ಭಯ ಸ್ವಲ್ಪ ಹೆಚ್ಚೇ; ನಿಮಗೂ ಇರಲಿ.

*ಸಿಂಬಳ ಹಳದಿಯಾಗಿದೆ. ಆ್ಯಂಟಿಬಯೋಟಿಕ್ ಶುರು ಮಾಡಲೇ?* – ಹರಿಹರ

ಬೇಡ. ವೈರಸ್ ನೆಗಡಿಯಲ್ಲೂ ಸಿಂಬಳ ಹಳದಿಯಾಗುತ್ತದೆ.

*ಬಾಳೆಹಣ್ಣು, ಮೊಸರು ಬಿಡಿಸಬೇಕೇ?* – ಹೊಳಲ್ಕೆರೆ

ಇಲ್ಲ. ಹತ್ತನೇ ಸಲ ಹೇಳುತ್ತಿದ್ದೇನೆ, ಇಲ್ಲ.

*ಮಗುವಿಗೆ ಕೆಮ್ಮು, ಏದುಸಿರು. ಹಿರಿಯರು ಹೊಟ್ಟೆಗೆ ಬರೆ ಹಾಕಿಸೋಣ ಎನ್ನುತ್ತಾರೆ.* – ಚಳ್ಳಕೆರೆ

ಬರೆಯಿಂದ ವೈರಸ್‌ಗೆ ಏನೂ ಆಗುವುದಿಲ್ಲ. ಸುಟ್ಟ ಗಾಯ ಕೀವಾಗಿ ಕೂಸು ಸಾಯಬಹುದು. ಹಿರಿಯರಿಗೆ ಬೇಸರವಾದರೆ ಆಗಲಿ. ಮಗುವನ್ನೆತ್ತಿಕೊಂಡು ಈಗಲೇ ಆಸ್ಪತ್ರೆಗೆ ಹೊರಡಿ.